ಅತ್ತೆ ಹಿಂದಿನ ಸೀಟಿನಲ್ಲಿ ಕೂತ ಬೇಸಿಗೆ

ನಮ್ಮ ಕಡೆ ಹೆಂಗಸೊಬ್ಬಳು ಕಾರು ಓಡಿಸಿಕೊಂಡು ಹೋದರೆ ಎತ್ತಿನ ಗಾಡಿಯವರೂ ಗಾಡಿ ನಿಲ್ಲಿಸಿ ನೋಡುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ನಡುವಿನ ವರ್ಷಗಳು. ಬೇಸಿಗೆ ರಜೆ ಬಂತೆಂದರೆ ನಂಜನಗೂಡಿನಿಂದ ನಾನು ತಿ. ನರಸೀಪುರದ ಸರೋಜತ್ತೆಯ ಮನೆಗೆ ಹೊರಡುತ್ತಿದ್ದೆ. ಅತ್ತೆ ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ತೀರಿಹೋದ ಮಾವನ ಪುಟ್ಟ ಕಾರನ್ನು ಅವರೇ ಓಡಿಸುತ್ತಿದ್ದರು.

ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಾರು. ಹೆಸರುಕಾಳಿನ ಬಣ್ಣ, ದುಂಡನೆಯ ಬೆನ್ನು. ದಿನಾ ಬೆಳಿಗ್ಗೆ ಅತ್ತೆ ಹಳೆಯ ನೂಲಿನ ಸೀರೆಯ ತುಂಡಿನಿಂದ ಅದನ್ನು ಒರೆಸುತ್ತಿದ್ದರು. ಎಲ್ಲೂ ಒಂದು ಗೀರಿರಲಿಲ್ಲ. ಮಧ್ಯಾಹ್ನ ಶೆಡ್ಡಿನಲ್ಲಿ ನಿಂತ ಕಾರಿನ ಹಿಂದಿನ ಸೀಟೇ ನನ್ನ ಹಾಸಿಗೆ. ಕಾದ ರೆಕ್ಸಿನ್ನಿನ ವಾಸನೆ, ಪೆಟ್ರೋಲಿನ ವಾಸನೆ, ಡಿಕ್ಕಿಯಲ್ಲಿ ಹಣ್ಣಾಗಲು ಇಟ್ಟ ರಸಬಾಳೆ ಗೊನೆಯ ಘಮ. ಹೆಂಚಿನ ಸಂದಿನಿಂದ ಇಳಿದ ಬಿಸಿಲು ಗಾಜಿನ ಮೇಲೆ ತೇಲುತ್ತಿತ್ತು. ಕಣ್ಣು ಮುಚ್ಚಿದರೆ ನಿಂತ ಕಾರೇ ಮೆಲ್ಲಗೆ ಹೊರಟಂತಾಗುತ್ತಿತ್ತು. ಸಂಜೆ ನಿಜಕ್ಕೂ ಹೊರಡುತ್ತಿದ್ದೆವು, ನಾಲೆ ಏರಿಯ ಮೇಲೆ ಸೋಸಲೆ ಕಡೆಗೆ.

ಆ ವರ್ಷ ಒಂದು ಸಂಜೆ ಸೋಸಲೆಯ ತಿರುವಿನಲ್ಲಿ ಎಡಗಡೆಯಿಂದ ಬಂದ ಕರುವನ್ನು ಅತ್ತೆ ಕಾಣಲೇ ಇಲ್ಲ. ನಾನು ಕಿರುಚಿದ ಮೇಲೆ ಬ್ರೇಕ್ ಹಾಕಿದರು. ಕರು ಉಳಿಯಿತು. ಮರುದಿನವೇ ಅತ್ತೆ ಬಸ್ಸು ಹತ್ತಿ ಮೈಸೂರಿಗೆ ಹೋಗಿಬಂದರು. ಅಲ್ಲಿನ ಕಣ್ಣಿನ ಡಾಕ್ಟರು, ಎರಡೂ ಕಣ್ಣು ಪಕ್ಕದಿಂದ ಮಬ್ಬಾಗುತ್ತಾ ಬರುತ್ತಿವೆ, ಇನ್ನು ಕಾರು ಓಡಿಸಬೇಡಿ ಎಂದರಂತೆ.

"ಕಾರು ಕೊಟ್ಬಿಡ್ತೀನಿ ಕಣೇ" ಎಂದರು ಊಟಕ್ಕೆ ಬಡಿಸುತ್ತಾ. ಸಾರು ಎಲೆಯಿಂದಾಚೆ ಚೆಲ್ಲಿತು.

ಮೊದಲು ಮೈಸೂರಿನ ಹೋಟೆಲ್ ಮಾಲೀಕರೊಬ್ಬರು ಬಂದರು. ಕೇಳಿದಷ್ಟು ಕೊಡಲು ಸಿದ್ಧರಿದ್ದರು.

"ಯಾರು ಓಡಿಸ್ತೀರಿ?"

"ಓಡ್ಸೋಕಲ್ಲ ಮೇಡಂ, ಶೋಗೆ. ಹೋಟೆಲ್ ಮುಂದೆ ನಿಲ್ಸಿ ಸುತ್ತ ಹೂಕುಂಡ ಇಡ್ತೀವಿ."

ಅತ್ತೆ ಅವರಿಗೆ ಒಳ್ಳೆಯ ಕಾಫಿ ಕೊಟ್ಟು ಕಳಿಸಿಬಿಟ್ಟರು.

ಆಮೇಲೆ ಬಂದವರು ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಶಿವರುದ್ರಪ್ಪ ಮತ್ತು ಅವರ ಹೆಂಡತಿ ನಾಗರತ್ನ. ಗೊಬ್ಬರದ ಅಂಗಡಿ, ಒಂದಿಷ್ಟು ಗದ್ದೆ. ಅತ್ತೆ ಶಿವರುದ್ರಪ್ಪನವರನ್ನು ಸ್ಟೇರಿಂಗ್ ಮುಂದೆ ಕೂರಿಸಿ ತಾವು ಪಕ್ಕದಲ್ಲಿ ಕೂತರು. ನಾಗರತ್ನ, ನಾನು ಹಿಂದೆ. ಕಾರು ಎಗರಿತು, ಕರಕರ ಅಂದಿತು, ನಿಂತಿತು. ಮತ್ತೆ ಎಗರಿ ಮತ್ತೆ ನಿಂತಿತು.

"ಇದೇನವ್ವಾ, ಎತ್ತು ಮೊಂಡಾಟ ಮಾಡ್ದಂಗೆ ಮಾಡ್ತದೆ! ಮುಂದುಕ್ಕೇ ಓಗಾಕಿಲ್ಲ ಅಂತದಲ್ಲ!" ಎಂದರು ಶಿವರುದ್ರಪ್ಪ.

ನಾಗರತ್ನ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ಮುಗಿಸಿ, "ನಾನೊಂದ್ಸಲ ನೋಡ್ಲಾ ಅಮ್ಮಾ?" ಎಂದರು.

"ನಿಂಗ್ಯಾಕಮ್ಮಿ ಇದೆಲ್ಲ?"

"ಇಳೀರಿ ಶಿವರುದ್ರಪ್ಪ" ಎಂದರು ಅತ್ತೆ, ಕ್ಲಾಸಿನ ದನಿಯಲ್ಲಿ.

ನಾಗರತ್ನ ಚಪ್ಪಲಿ ಬಿಟ್ಟರು, ಸೀರೆ ಎತ್ತಿ ಸಿಕ್ಕಿಸಿ ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟರು. "ಕಿವಿ ಕೊಡಮ್ಮ. ಗೇರ್ ಬೇಕಾದಾಗ ಅದೇ ಕೇಳತ್ತೆ" ಎಂದರು ಅತ್ತೆ. ಕಾರು ಒಮ್ಮೆ ನಡುಗಿತು. ಆಮೇಲೆ ನೀರಿಗೆ ಬಿಟ್ಟ ದೋಣಿಯ ಹಾಗೆ ನಾಲೆ ಏರಿಯ ಮೇಲೆ ಹೊರಟಿತು. ಶಿವರುದ್ರಪ್ಪ ರಸ್ತೆ ಪಕ್ಕದಲ್ಲಿ ನಿಂತು ಬಾಯಿಬಿಟ್ಟು ನೋಡುತ್ತಿದ್ದರು.

ಅಂದೇ ವ್ಯಾಪಾರ ಕುದುರಿತು. ಆದರೂ ಪಾಠ ಮುಗಿಯುವವರೆಗೆ ಕಾರು ಕೊಡುವುದಿಲ್ಲ ಎಂದರು ಅತ್ತೆ. ನಾಗರತ್ನ ದಿನಾ ಬಸ್ಸಿನಲ್ಲಿ ಬಂದು ಕಲಿತರು. ಬರುವಾಗ ನನಗೆ ಹುರಿದ ಅವರೆಕಾಳು ತರುತ್ತಿದ್ದರು.

ರಜೆ ಮುಗಿಯಿತು. ನನ್ನನ್ನು ನಂಜನಗೂಡಿಗೆ ಬಿಟ್ಟು ಕಾರು ಅಲ್ಲಿಂದಲೇ ಹದಿನಾರಿಗೆ ಹೋಗುವುದೆಂದಾಯಿತು. ನಾಗರತ್ನ ಸ್ಟೇರಿಂಗ್ ಮುಂದೆ ಕೂತರು. ಅತ್ತೆ ಬಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಅವರನ್ನು ಅಲ್ಲಿ ಕಂಡದ್ದು ಅದೇ ಮೊದಲು. ಸ್ವಲ್ಪ ದೂರ ಅವರ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಆಮೇಲೆ ಸುಮ್ಮನಾಯಿತು.

"ಇಷ್ಟು ವರ್ಷ ರಸ್ತೆ ಒಂದನ್ನೇ ನೋಡಿದ್ದು ಕಣೇ ನಾನು. ಆ ಕಡೆ ಏನಿದೆ, ಹೇಳು."

"ಗದ್ದೆ ತುಂಬ ಬೆಳ್ಳಕ್ಕಿ ಅತ್ತೆ. ಎಮ್ಮೆ ಮೇಲೂ ಒಂದು ಕೂತಿದೆ."

"ಆಮೇಲೆ?"

ಕಬ್ಬು ಎಂದೆ, ಆಲೆಮನೆಯ ಹೊಗೆ ಎಂದೆ, ಬಾವಿಕಟ್ಟೆಯಲ್ಲಿ ಯಾರೋ ಕೆಂಪು ಸೀರೆ ಒಣಹಾಕುತ್ತಿದ್ದಾರೆ ಎಂದೆ. ಅತ್ತೆ ಕಣ್ಣು ಮುಚ್ಚಿ, ತಲೆ ಸೀಟಿಗೊರಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಕಿಟಕಿಯ ಗಾಳಿಗೆ ಅವರ ನರೆಗೂದಲು ನನ್ನ ಕೆನ್ನೆಗೆ ತಾಗುತ್ತಿತ್ತು. ಆ ದಾರಿ ಮುಗಿಯಬಾರದು ಅನ್ನಿಸಿತ್ತು.

ನಮ್ಮ ಮನೆ ಮುಂದೆ ನಾಗರತ್ನ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಹೊರಟರು. ಕಾರು ಬೀದಿ ತಿರುಗಿ ಮರೆಯಾದ ಮೇಲೂ ಅತ್ತೆ ಕತ್ತು ವಾಲಿಸಿ ನಿಂತೇ ಇದ್ದರು.

"ಮೂರನೇ ಗೇರ್ ಸರಿಯಾಗಿ ಹಾಕಿದ್ಲು" ಎಂದು ಒಳಗೆ ಬಂದರು.

ನಾಗರತ್ನ ಆ ಕಾರನ್ನು ಬಹಳ ವರ್ಷ ಓಡಿಸಿದರು. ಅತ್ತೆಗೆ ಪೂರ್ತಿ ಕಾಣದಾದ ಮೇಲೂ ಆಗಾಗ ಬಂದು ಅವರನ್ನು ಸೋಸಲೆಯವರೆಗೆ ಸುತ್ತಿಸಿಕೊಂಡು ಬರುತ್ತಿದ್ದರಂತೆ. ಈಗ ಅತ್ತೆಯಿಲ್ಲ. ಬಿಡಿಭಾಗ ಸಿಗದೆ ಕಾರೂ ಒಂದು ದಿನ ನಿಂತುಹೋಯಿತು. ನಾನೂ ಕಾರು ಓಡಿಸುತ್ತೇನೆ. ಗಾಜು ಏರಿಸಿ, ಎಸಿ ಹಾಕಿ, ಅದೇ ರಸ್ತೆಯಲ್ಲಿ. ಗದ್ದೆಗಳಲ್ಲಿ ಸೈಟಿನ ಕಲ್ಲು ನಿಂತಿವೆ. ಆಗಿನ ಅರ್ಧ ಹೊತ್ತಿಗೇ ಊರು ಬಂದುಬಿಡುತ್ತದೆ. ದಾರಿಯಲ್ಲಿ ಏನೇನು ಕಂಡೆ ಎಂದು ಯಾರಾದರೂ ಕೇಳಿದರೆ, ಹೇಳುವುದಕ್ಕೆ ನನ್ನಲ್ಲಿ ಏನೂ ಇರುವುದಿಲ್ಲ.