ರುಮಾಲಿನ ಮೇಲೆ ಹೆಲ್ಮೆಟ್ಟು

ಹೊಸ ಹೆಲ್ಮೆಟ್ಟಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಸ್ಪಂಜು, ಅಂಟು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು ಎಲ್ಲ ಸೇರಿ ಉಸಿರುಗಟ್ಟಿಸುವ ವಾಸನೆ. ಮೊನ್ನೆ ತಂಗಿ ಗೌರಮ್ಮನನ್ನು ಕರೆದುಕೊಂಡು ಚಳ್ಳಕೆರೆಯ ಬಾಷಾನ ಅಂಗಡಿಯ ಮುಂದೆ ನಿಂತಾಗ ಅದೇ ಬಂತು. ಹತ್ತಿರದ ಎಣ್ಣೆ ಗಿರಣಿಯ ಶೇಂಗಾ ಘಮವೂ ಅದನ್ನು ಮುಚ್ಚಲಿಲ್ಲ. ನನಗೆ ಹೊಸ್ತಿಲು ದಾಟಲು ಮನಸ್ಸಾಗಲಿಲ್ಲ.

ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ದಿನವೂ ಒಂದೇ ಹೊತ್ತಿಗೆ ಏಳುವುದು, ಚಪ್ಪಲಿಯನ್ನು ಗೋಡೆಗೆ ಹಿಮ್ಮಡಿ ತಾಗಿಸಿ ಬಿಡುವುದು, ಒಗೆದ ಬನಿಯನ್ನುಗಳನ್ನು ಒಂದೇ ಅಳತೆಗೆ ಮಡಿಸುವುದು, ಇವು ಇನ್ನೂ ಬಿಟ್ಟಿಲ್ಲ. ನಾನು ಬೀನ್ಸನ್ನೂ ಸಾಲಾಗಿ ನಿಲ್ಲಿಸಿ ಆರಿಸುತ್ತೇನೆಂದು ಹೆಂಡತಿ ನಗುತ್ತಾಳೆ. ಹೆಲ್ಮೆಟ್ಟಿನ ವಿಷಯದಲ್ಲಂತೂ ನಾನು ಬಲು ಕಟ್ಟುನಿಟ್ಟು. ಹಣೆಯ ಸುತ್ತ ಟೇಪು ಹಿಡಿದು ಅಳೆಯಬೇಕು. ಹೆಲ್ಮೆಟ್ಟು ಕೆನ್ನೆಯನ್ನು ಒತ್ತಬೇಕು, ಹಣೆಯನ್ನು ಚುಚ್ಚಬಾರದು. ಹಾಕಿಕೊಂಡು ಅಂಗಡಿಯಲ್ಲೇ ಒಂದಿಷ್ಟು ಹೊತ್ತು ಕೂತು ನೋಡಬೇಕು. ಒಮ್ಮೆ ಹಾಗೆ ಕೂತು ನೋಡಿ, ತೆಗೆಯುವುದನ್ನು ಮರೆತು, ಹೆಲ್ಮೆಟ್ಟಿನ ಸಮೇತ ಪಕ್ಕದ ಹೋಟೆಲಿಗೆ ಹೋಗಿ ಚಹಾ ಹೇಳಿದ್ದೆ.

ಗೌರಮ್ಮನ ಗಂಡ ತಿಪ್ಪೇಸ್ವಾಮಿ ಮೊಳಕಾಲ್ಮೂರಿನ ರೇಷ್ಮೆ ನೇಕಾರ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಾಗಲೂ ಅವನ ತಲೆಯ ಮೇಲೆ ಬಿಳಿ ರುಮಾಲು ಇರುತ್ತಿತ್ತು. ಅವನ ತಂದೆ ತೀರಿಕೊಂಡಾಗ ಮನೆಯ ಹಿರಿಯರು ಹಿರಿಮಗನೆಂದು ಅವನಿಗೆ ಅದನ್ನು ಸುತ್ತಿದ್ದರು. ಆಮೇಲೆ ಹೊರಗಿನವರ ಮುಂದೆ ಅವನು ಅದನ್ನು ತೆಗೆದದ್ದಿಲ್ಲ. ಅವರ ಕಡೆ ಗಂಡಸು ನಾಲ್ಕು ಜನರ ಮುಂದೆ ರುಮಾಲು ತೆಗೆಯುವುದು ಸಾವಿನ ಮನೆಯಲ್ಲಿ ಮಾತ್ರ.

ಅವನು ಹೊಸ ಬೈಕು ಕೊಂಡಾಗ ನಾನೇ ಇದೇ ಬಾಷಾನ ಅಂಗಡಿಗೆ ಕರೆತಂದೆ. ಟೇಪು ಹಿಡಿದುಕೊಂಡು "ರುಮಾಲು ತೆಗಿಯಪ್ಪ" ಅಂದೆ.

"ಯಾರು ಸತ್ತವ್ರೆ ಭಾವ?" ಅಂದ.

ಬಾಷಾ ನಕ್ಕುಬಿಟ್ಟ. ನಾನು ನಗಲಿಲ್ಲ. "ತಲೆ ಅಳತೆ ನೋಡ್ಬೇಕಲ್ಲಯ್ಯ."

"ರುಮಾಲೂ ನನ್ನ ತಲೇನೇ. ಸೇರ್ಸಿ ಅಳೀರಿ."

"ಅದು ಬಟ್ಟೆ. ಜಾರ್ತೈತೆ."

"ಲೇದು ಭಾವ, ನಾ ಕಟ್ಟಿದ್ದು ಜಾರಲ್ಲ. ನಿಮ್ಮ ಸೀಟಿ ಇಸ್ಕೂಲ್ ಹುಡುಗರ ಮುಂದೆ ಊದ್ರಿ. ಬಾಷಣ್ಣ, ಕುಂಬಳಕಾಯಿ ಹಿಡಿಯೋವಂಥದ್ದು ಇದ್ರೆ ತೆಗಿ."

ಬಾಷಾ ಅಟ್ಟದಿಂದ ದೊಡ್ಡದೊಂದನ್ನು ಇಳಿಸಿದ. ಅದು ರುಮಾಲಿನ ಮೇಲೆ ಸಲೀಸಾಗಿ ಕೂತಿತು. ತಿಪ್ಪೇಸ್ವಾಮಿ ಕನ್ನಡಿ ನೋಡಿಕೊಂಡು, "ದಿಂಬು ಇಟ್ಕಂಡಂಗೈತೆ ಭಾವ" ಅಂದ. ಅಷ್ಟು ಹಿತವಾದ ಹೆಲ್ಮೆಟ್ಟು ತಾಲ್ಲೂಕಿನಲ್ಲೇ ಬೇರೊಂದಿಲ್ಲವೆಂದು ಆಮೇಲೂ ಕಂಡವರಿಗೆಲ್ಲ ಹೇಳುತ್ತಿದ್ದ. ಒಂದು ಸೀಟಿಗೆ ಮೈದಾನದ ತುಂಬ ಹುಡುಗರನ್ನು ನಿಲ್ಲಿಸುತ್ತಿದ್ದ ನನಗೆ ಒಬ್ಬನ ತಲೆಯಿಂದ ಒಂದು ಬಟ್ಟೆ ಇಳಿಸಲು ಆಗಲಿಲ್ಲ.

ಹೋದ ಬೇಸಿಗೆಯಲ್ಲಿ ಅವನು ಸೀರೆಯ ಗಂಟು ಕಟ್ಟಿಕೊಂಡು ಚಳ್ಳಕೆರೆಗೆ ಬರುತ್ತಿದ್ದಾಗ ಕುರಿಮಂದೆ ಅಡ್ಡ ಬಂತು. ಬ್ರೇಕು ಹಾಕಿದ, ಬೈಕು ಜಾರಿತು. ಕುರಿಗಳಿಗೆ ಏನೂ ಆಗಲಿಲ್ಲ. ನಾನು ತಲುಪುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ಹೆಲ್ಮೆಟ್ಟು ರಸ್ತೆಯಾಚೆ ಜಾಲಿಯ ಬುಡದಲ್ಲಿ ಬಿದ್ದಿತ್ತು. ಗದ್ದದ ಪಟ್ಟಿ ಹಾಕಿದ್ದು ಹಾಕಿದಂತೆಯೇ ಇತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಆವಪ್ಪ ನೆಲ ಮುಟ್ಟೋಕಿಂತ ಮುಂಚೇನೇ ಅದು ಹಾರೋಯ್ತು ಸಾಮಿ" ಎಂದು ಕುರಿ ಕಾಯುವವನು ನನ್ನ ಕೈ ಹಿಡಿದುಕೊಂಡು ಅತ್ತ.

ತಿಪ್ಪೇಸ್ವಾಮಿ ಬದುಕಲಿಲ್ಲ. ಮಣ್ಣು ಮಾಡುವಾಗ ಗಂಡಸರೆಲ್ಲ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. ಅವನ ತಲೆಗೆ ಮಾತ್ರ ಹೊಸದನ್ನು ಕಟ್ಟಿದ್ದರು.

ಆಮೇಲೆ ಮಗ್ಗದ ವ್ಯವಹಾರ ಗೌರಮ್ಮನ ಪಾಲಿಗೆ ಬಂತು. ಬಸ್ಸು ಹೋಗದ ಹಳ್ಳಿಗಳ ಮಗ್ಗಗಳಿಗೆ ನೂಲು ಮುಟ್ಟಿಸಬೇಕು, ನೇಯ್ದದ್ದನ್ನು ತರಬೇಕು. ಮಗಳ ಹತ್ತಿರ ಮೊಪೆಡ್ಡು ಕಲಿತಳು. ಒಂದು ದಿನ ಫೋನಿನಲ್ಲಿ, "ಅಣ್ಣಯ್ಯ, ನನಗೊಂದು ಹೆಲ್ಮೆಟ್ ಕೊಡ್ಸು" ಅಂದಳು. ಮದುವೆಯಾದಂದಿನಿಂದ ಇವಳು ತಲೆಯ ಮೇಲಿನ ಸೆರಗು ಇಳಿಸಿ ಬೀದಿಗೆ ಬಂದವಳಲ್ಲ. ಸೆರಗಿನ ಕೆಳಗೆ ಮುಷ್ಟಿಯಷ್ಟು ತುರುಬು. ಇವನ್ನೆಲ್ಲ ಇಳಿಸೆಂದು ಇವಳಿಗೆ ಹೇಗೆ ಹೇಳುವುದೆಂದು ಮೊನ್ನೆ ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದಿದ್ದೆ.

ಅಂಗಡಿಯಲ್ಲಿ ಬಾಷಾ ಮರ್ಯಾದೆಯಿಂದಲೇ, "ಸೆರಗಿನ ಮೇಲೇ ಹಾಕ್ಕೊಳ್ರಮ್ಮಾ, ದೊಡ್ಡ ಸೈಜೂ ಐತೆ" ಅಂದ.

ನಾನು ಬಾಯಿ ತೆರೆಯುವ ಮೊದಲೇ ಗೌರಮ್ಮ ಸೆರಗು ಇಳಿಸಿದಳು. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ನನ್ನ ಅಂಗೈಗೆ ಹಾಕಿದಳು. ಕೂದಲು ಬೆನ್ನ ಮೇಲೆ ಬಿತ್ತು. ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ನರೆತಿತ್ತು. ಬೈಕಿನ ಟ್ಯೂಬು ಕೊಳ್ಳಲು ಬಂದ ಗಂಡಸರು ನೋಡಿದರು. ಅವಳು ಅವರತ್ತ ತಿರುಗಲಿಲ್ಲ.

"ಈಗ ಅಳತೆ ತಗಳಪ್ಪ" ಅಂದಳು.

ಬಾಷಾ ಟೇಪು ಹಿಡಿದ. ಮೊದಲು ಕೊಟ್ಟದ್ದನ್ನು ಅವಳೇ ಸಡಿಲವೆಂದು ಹಿಂದಕ್ಕೆ ತಳ್ಳಿದಳು. ಇನ್ನೊಂದು ಹಣೆಗೆ ಚುಚ್ಚಿತು. ಅದಾದ ಮೇಲೆ ಹಾಕಿಕೊಂಡದ್ದು ಕೆನ್ನೆಗಳನ್ನು ಒತ್ತಿ ಹಿಡಿಯಿತು. ಗದ್ದದ ಪಟ್ಟಿಯನ್ನು ನಾನೇ ಹಾಕಿದೆ.

"ತಲೆ ಅಲ್ಲಾಡ್ಸು ಗೌರಿ" ಅಂದೆ. "ನಿನ್ನ ಜೊತೆಗೇ ಅಲ್ಲಾಡ್ಬೇಕು, ಅದರ ಪಾಡಿಗೆ ಅದು ಅಲ್ಲಾಡಿದ್ರೆ ಬೇಡ."

ಅವಳು ಆ ಕಡೆ ಈ ಕಡೆ ಜೋರಾಗಿ ತಲೆಯಾಡಿಸಿದಳು. ಹೆಲ್ಮೆಟ್ಟು ಕದಲಲಿಲ್ಲ.

"ಸರಿಯಾಗಿ ಕೂತೈತೆ, ಸಾಕು ಬಿಡ್ರಮ್ಮಾ" ಅಂದ ಬಾಷಾ.

ಅವಳು ನಿಲ್ಲಿಸಲಿಲ್ಲ. ಕಪ್ಪು ಗಾಜಿನ ಹಿಂದೆ ಮುಖ ಕಾಣುತ್ತಿರಲಿಲ್ಲ. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ನಿಲ್ಲು ಎಂದು ಹೇಳುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಪಿನ್ನುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವಳಿಗೇ ಸಾಕೆನಿಸುವವರೆಗೂ ಸುಮ್ಮನೆ ನಿಂತೆ.