ಹರಕೆಯ ತಾಟು

ಮೊದಲು ಬಂದದ್ದು ಸರ್ಪಸುತ್ತು. ಎಡಪಕ್ಕೆಯಿಂದ ಬೆನ್ನಿನವರೆಗೆ ಸಾಲಾಗಿ ನೀರುಗುಳ್ಳೆ. ಉರಿ ಎಂದರೆ ಉರಿ, ಬಟ್ಟೆ ತಾಗಿದರೂ ಜೀವ ಹೋಗುತ್ತಿತ್ತು. ಆದರೆ ಬೇಲೆಕೇರಿಯ ನಮ್ಮ ಕೇರಿಯಲ್ಲಿ ಈ ಕಾಯಿಲೆಗೆ ಯಾರೂ ನಾಚುವುದಿಲ್ಲ. ನನ್ನ ತಾಯಿ, ಆಯಿ, ನಾಗನ ಕಲ್ಲಿಗೆ ಹಾಲೆರೆದು ಬಂದಳು. ಪಕ್ಕದ ಮನೆಯ ದೇವಕ್ಕ ಕೆಮ್ಮಣ್ಣು ಕಲಸಿ ತಂದು, ಹಾವಿನ ತಲೆ ಬಾಲ ಕೂಡಬಾರದೆಂದು ಗುಳ್ಳೆಗಳ ಎರಡೂ ತುದಿಗೆ ಗೆರೆ ಎಳೆದಳು. ನೋಡಲು ಬಂದವರೆಲ್ಲ ಎಳನೀರು ತಂದರು. ನಾನು ಮಹಾರಾಣಿಯ ಹಾಗೆ ಮಲಗಿದ್ದೆ.

ಗುಳ್ಳೆ ಒಣಗಿದರೂ ಜ್ವರ ಬಿಡಲಿಲ್ಲ. ಕಾರವಾರದ ಆಸ್ಪತ್ರೆಗೆ ಹೋದೆವು. ಡಾಕ್ಟರ್ ವಯಸ್ಸು ಕೇಳಿದರು. ಹತ್ತೊಂಬತ್ತು ಎಂದೆ.

"ಈ ವಯಸ್ಸಿಗೆ ಇಷ್ಟು ಜೋರಾಗಿ ಬರೋದು ಕಡಿಮೆ. ಒಂದು ಬ್ಲಡ್ ಟೆಸ್ಟ್ ಮಾಡೋಣ, ಒಪ್ಪಿಗೆಯಾ?"

ಒಪ್ಪಿದೆ.

ಎಚ್‌ಐವಿ ಪಾಸಿಟಿವ್.

ಫಲಿತಾಂಶ ಹೇಳುವಾಗ ಆಯಿಯೂ ಒಳಗೇ ಇರಲಿ ಎಂದು ನಾನೇ ಹೇಳಿದ್ದೆ. ಕೌನ್ಸೆಲರ್ ಮೇಡಂ ಮಾತಾಡುತ್ತಿದ್ದರು: ದಿನಾ ಮಾತ್ರೆ ತಗೊಂಡರೆ ಓದಬಹುದು, ದುಡಿಯಬಹುದು, ಮದುವೆ ಮಕ್ಕಳು ಎಲ್ಲ ಆಗಬಹುದು. ನನಗೆ ಅವರ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು. ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಹೇಗೆ ಬಂತು ಎಂದು ಕೇಳುತ್ತೀರಿ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಸರ್ಪಸುತ್ತು ಬಂದಾಗ ಒಬ್ಬರೂ ಕೇಳಿರಲಿಲ್ಲವಲ್ಲ? ಹೇಳುವುದಿಲ್ಲ, ಹೋಗಿ.

ಮನೆಗೆ ಬಂದರೆ ದೇವಕ್ಕ ಬಾಗಿಲಲ್ಲೇ ನಿಂತಿದ್ದಳು. "ಡಾಕ್ಟ್ರು ಎಂತಾ ಹೇಳ್ದ್ರೇ?"

"ಡಾಕ್ಟ್ರಿಗೆ ಎಂತಾ ತಿಳೀತದೆ ದೇವಕ್ಕಾ? ಅಲ್ಲೇ ಭಟ್ರ ಹತ್ರ ಕೇಳ್ಸ್ದೆ. ನಾಗದೋಷವೇ ಅಂತೆ," ಎಂದಳು ಆಯಿ, ಒಂದಿಷ್ಟೂ ತಡವರಿಸದೆ. "ತಿಂಗ್ಳು ತಿಂಗ್ಳು ಕಾರವಾರಕ್ಕೆ ಪೂಜೆಗೆ ಹೋಗೂಕೆ ಅದೆ. ಭಟ್ರು ಹೇಳೂವರೆಗೆ ಇವ್ಳು ಮೀನು ಮುಟ್ಟೂಕಿಲ್ಲ. ಹರಕೆ."

ಅಬ್ಬಾ, ಎಂಥ ಸುಳ್ಳು! ಮಾತ್ರೆ ತರಲು ಹೋಗುವುದಕ್ಕೆ ನೆಪ ಸಿಕ್ಕಿತು. ಆ ಕ್ಷಣ ಆಯಿಯ ಮೇಲೆ ನನಗೆ ಹೆಮ್ಮೆಯೇ ಆಯಿತು.

ಆದರೆ ನಮ್ಮದು ಎರಡು ಹೊತ್ತೂ ಮೀನು ಬೇಯುವ ಮನೆ. ಮೀನಿನ ಪಾತ್ರೆ ಹರಕೆಯವಳಿಗೆ ತಾಗಬಾರದು. ದೇವಕ್ಕನೇ ಪ್ರೀತಿಯಿಂದ ಹೊಸ ಸ್ಟೀಲ್ ತಾಟು ತಂದುಕೊಟ್ಟಳು. ನನಗೆ ಬೇರೆ ತಾಟು, ಬೇರೆ ಲೋಟ, ಜಗಲಿಯ ಮೂಲೆಯಲ್ಲಿ ಬೇರೆ ಜಾಗ. ಊರು ತಿಳಿದರೆ ನನ್ನನ್ನು ಹೀಗೇ ಕೂರಿಸುತ್ತದೆಂದು ಹೆದರಿ ಸುಳ್ಳು ಹೇಳಿದೆವು. ಈಗ ಕೂರಿಸಿದವರು ನಾವೇ. ಆಯಿ ನನ್ನ ತಾಟನ್ನು ಎಲ್ಲಕ್ಕೂ ಕಡೆಗೆ ತೊಳೆಯುತ್ತಿದ್ದಳು. ತೊಳೆದು ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದಳು.

ನೋಡುವವರು ಯಾರೂ ಇಲ್ಲದಾಗಲೂ.

ಅದನ್ನು ಕಂಡ ದಿನದಿಂದ ಮಾತ್ರೆ ಬಿಟ್ಟೆ. ಹೆತ್ತವಳೇ ಅಂಜುವ ಮೈಯನ್ನು ಉಳಿಸಿಕೊಂಡು ಎಂತ ಮಾಡುವುದು? ಕಾಲೇಜಿಗೆ ಹೋಗಲಿಲ್ಲ. ತಲೆ ಬಾಚಲಿಲ್ಲ. ಮುಸುಕು ಹಾಕಿ ಮಲಗಿದರೆ ಹೊತ್ತು ಮುಳುಗಿದ್ದೂ ಗೊತ್ತಾಗುತ್ತಿರಲಿಲ್ಲ. ಹರಕೆ ಬಲು ಕಟ್ಟುನಿಟ್ಟು ಎಂದು ದೇವಕ್ಕ ಮೆಚ್ಚಿಕೊಳ್ಳುತ್ತಿದ್ದಳು.

ಮುಂದಿನ ಟೆಸ್ಟಿನಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಇಳಿದಿಲ್ಲವೆಂದು ಕೌನ್ಸೆಲರ್ ಮೇಡಂ ಕೂರಿಸಿಕೊಂಡರು. ಬೈಯಲಿಲ್ಲ. "ಸಾಯಬೇಕು ಅನ್ನಿಸ್ತದಾ?" ಎಂದು ನೇರವಾಗಿ ಕೇಳಿದರು. ಹಾಗೆ ಕೇಳಿದವರು ಅವರೊಬ್ಬರೇ. ಹೌದು ಎಂದೆ. ಅಳುತ್ತಲೇ ತಾಟಿನ ಸಂಗತಿ ಪೂರ್ತಿ ಹೇಳಿದೆ. ಅವರು ಮನೋವೈದ್ಯರ ಹತ್ತಿರ ಅವತ್ತೇ ಕರೆದುಕೊಂಡು ಹೋದರು. ಆಮೇಲೆ, ನನ್ನನ್ನು ಕೇಳಿಯೇ, ಹೊರಗಿದ್ದ ಆಯಿಯನ್ನು ಒಳಗೆ ಕರೆದರು.

"ಆಯೀ, ನನ್ನ ಕಂಡ್ರೆ ನಿಂಗೆ ಹೆದ್ರಿಕೆಯೇ?" ಎಂದೆ. ಇಲ್ಲ ಮಗಾ ಎನ್ನುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಹೌದು ಮಗಾ."

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ.

"ತಾಟಿಂದ ಬರೂದಿಲ್ಲ ಅಂತ ಮೇಡಮ್ಮೋರು ಹೇಳ್ದ್ರು. ತಲಿಗೆ ಗೊತ್ತಾಯ್ತು, ಕೈಗೆ ಗೊತ್ತಾಗೂದಿಲ್ಲ. ಎಂತಾ ಮಾಡ್ಲಿ, ಹೇಳು?" ಎಂದು ಅಲ್ಲೇ ಬಿಕ್ಕಿದಳು.

ಅವಳ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಇಡೀ ಕೇರಿಗೆ ಸಲೀಸಾಗಿ ಸುಳ್ಳು ಹೇಳಿದವಳು ನನಗೆ ಮಾತ್ರ ಸುಳ್ಳು ಹೇಳಲಿಲ್ಲವಲ್ಲ ಎಂಬುದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ಆಯಿ ದಿನಾ ನೆನಪಿಸಿ ಮತ್ತೆ ಮಾತ್ರೆ ಶುರುಮಾಡಿಸಿದಳು. ಈಗ ನನ್ನ ಹಾಗೆ ಎಚ್‌ಐವಿ ಇರುವ ಹುಡುಗ ಹುಡುಗಿಯರ ಒಂದು ಗುಂಪಿಗೆ ಹೋಗುತ್ತೇನೆ. ಚಿತ್ತಾಕುಲದ ಹುಡುಗಿಯೊಬ್ಬಳು ಮನೆಯಲ್ಲಿ ಮಾತ್ರೆಯನ್ನು ಕೂದಲು ಬೆಳೆಯಲು ಎಂದು ಹೇಳಿದ್ದಾಳಂತೆ. ಅವಳ ಅಜ್ಜಿ ತನಗೂ ಒಂದು ಕೊಡೇ ಎಂದು ಬೆನ್ನು ಬಿದ್ದಿದ್ದಾಳೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು.

ಮೊನ್ನೆ ಆಯಿ ಮೀನಿನ ಹರಕೆ ಮುಗಿಯಿತು, ಪೂಜೆ ಮಾತ್ರ ಬಾಕಿ ಎಂದು ದೇವಕ್ಕನಿಗೆ ಸಾರಿ, ಬಂಗಡೆ ತಂದು ಸಾರು ಮಾಡಿದಳು. ಇಬ್ಬರೂ ಒಟ್ಟಿಗೆ ಕೂತೆವು. ನಾನು ನನ್ನ ತಾಟಿನ ಬಂಗಡೆಯನ್ನು ಮುರಿದು ಅರ್ಧ ಅವಳ ಅನ್ನದ ಮೇಲಿಟ್ಟೆ. ಅವಳ ಕೈ ಅಲ್ಲೇ ನಿಂತಿತು.

"ಇರ್ಲಿ ಬಿಡೇ ಆಯಿ," ಎಂದೆ.

"ಸುಮ್ನೆ ಉಣ್ಣೇ ನೀನು," ಎಂದು ಗದರಿದಳು. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. ನುಂಗಿದಳು. ಮತ್ತೊಂದು ತುತ್ತಿಗೆ ಕೈ ಹಾಕಿದಳು.

ಅವತ್ತಿನ ಮಾತ್ರೆಯನ್ನು ಯಾರೂ ನೆನಪಿಸಲಿಲ್ಲ. ನಾನೇ ತಗೊಂಡೆ.