ನೌಕೆಯ ಹೊಟ್ಟೆಯ ಕೆಳಗಿನ ಎರಡು ಇಂಜಿನ್

ಗೆಳೆಯರೇ, ಇವತ್ತು ಮುಂಬೈ ಪಕ್ಕದ ಠಾಣೆಯ ಹೋಟೆಲಿನಲ್ಲಿ ನನ್ನ ಮಾನ ಹೋಯಿತು. ಆಫೀಸಿನ ನಾವು ನಾಲ್ವರೂ ಒಂದೇ ಬಾಹ್ಯಾಕಾಶ ಧಾರಾವಾಹಿಯ ಹುಚ್ಚರು. ಅದರ ಹೊಸ ಸಿನಿಮಾದಲ್ಲಿ ನೌಕೆಯ ಹೊಟ್ಟೆಯ ಕೆಳಗೆ ಎರಡು ಇಂಜಿನ್ ತೋರಿಸಿದ್ದಾರೆ. "ಇದು ಮೋಸ! ಹಳೇ ಧಾರಾವಾಹಿಯಲ್ಲಿ ಇವು ಇರ್ಲೇ ಇಲ್ಲ. ನಾನು ಒಂದು ಕಂತೂ ಬಿಟ್ಟವನಲ್ಲ ಮಾರಾಯ" ಎಂದು ಮೇಜು ಕುಟ್ಟಿದೆ.

ಬೆಂಗಳೂರಿನ ಮಂಜುನಾಥ, "ಮೊದಲ್ನೇ ಕಂತಿಂದಾನೂ ಇದಾವೆ ಗುರೂ" ಎಂದು ಲ್ಯಾಪ್‌ಟಾಪಿನಲ್ಲಿ ಆ ಕಂತನ್ನೇ ಹಾಕಿದ. ಎರಡೂ ಇಂಜಿನ್ ನೀಲಿಯಾಗಿ ಉರಿಯುತ್ತಿದ್ದವು.

ಸೋಲೊಪ್ಪದೆ ಡೊಂಬಿವಲಿಯ ತಂಗಿಗೆ ಫೋನ್ ಮಾಡಿದೆ. ಚಿಕ್ಕಂದಿನಲ್ಲಿ ಎಲ್ಲ ಕಂತುಗಳನ್ನೂ ನನ್ನ ಪಕ್ಕದಲ್ಲೇ ಕೂತು ನೋಡಿದವಳು ಅವಳು.

"ಅಣ್ಣಾ, ನಮ್ಗೆ ಹೇಗೆ ಕಾಣ್ಬೇಕು? ಟೀವಿ ಪರದೆ ಕೆಳಗಡೆ ಕೇಬಲ್‌ವಾಲಾನ ಪಟ್ಟಿ ಓಡ್ತಿತ್ತಲ್ಲ, ಸೀರೆ ಸೇಲ್, ಟ್ಯೂಷನ್ ಕ್ಲಾಸ್ ಅಂತ!" ಎಂದು ನಕ್ಕಳು.

ಹೌದು. ಕೇಬಲ್‌ವಾಲಾನ ಜಾಹೀರಾತು ಮುಚ್ಚಿದ ಪರದೆಯ ಆ ಕೆಳಭಾಗವನ್ನು ನಾವು ನೋಡಿಯೇ ಇರಲಿಲ್ಲ.

ಸಂಜೆ ಮನೆಗೆ ಬಂದು ಆ ಕಂತನ್ನು ಪೂರ್ತಿ ನೋಡಿದೆ. ಚಿತ್ರ ಸ್ವಚ್ಛವಾಗಿತ್ತು, ಇಂಜಿನ್ ಎರಡೂ ಸರಿಯಾಗಿದ್ದವು. ಆದರೂ ಏನೋ ಬೇರೆಯವರ ನೌಕೆ ನೋಡಿದ ಹಾಗಾಯಿತು.

ನಮ್ಮದು ಅಷ್ಟು ವರ್ಷ ಹಾರಿದ್ದು ಸೀರೆ ಸೇಲಿನ ಮೇಲೆಯೇ.